ಕಾಮಣಿ ಗಾಡಿ

"ಎರಡೂ ಲೈಟಿಗಿ ಸೇರಿ ಎರಡು ಸಾವಿರ ಆಗ್ತದ್ರಿ," ಅಂದ ಉತ್ತಮ.

ಅವನ ತಲೆಯ ಮೇಲೆಯೇ ಬೋರ್ಡು ತೂಗುತ್ತಿತ್ತು: ಮಂಕಾದ ಹೆಡ್‌ಲೈಟು ಉಜ್ಜಿ ಹೊಸದರಂತೆ ಮಾಡಿಕೊಡಲಾಗುವುದು, ಜೋಡಿಗೆ ಇನ್ನೂರು. ಗುರುನಾಥ ಪಾಟೀಲ ಬೋರ್ಡು ನೋಡಿದ, ಉತ್ತಮನನ್ನು ನೋಡಿದ. ತನ್ನದೇ ಊರಿನವ. ತನ್ನ ಕೊಟ್ಟಿಗೆ ಬಳಿಯುವ ಧನಶ್ರೀಯ ಗಂಡ. ಹುಮನಾಬಾದಿನ ಹೈವೇ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡ ಮಾತ್ರಕ್ಕೆ ಒಂದು ಸೊನ್ನೆ ಹೆಚ್ಚಿಗೆ ಹೇಳುವಷ್ಟು ಬೆಳೆದಿದ್ದ.

"ಈ ಬೋರ್ಡ್ ಯಾರಿಗಿ ಬರ್ದಿ ಮತ್ತ?"

"ಬ್ಯಾರೇದವರಿಗ್ರಿ. ನಿಮ್ಮ ಗಾಡಿದು ಕೆಲಸ ಬಾಳ ಅದ. ಬ್ಯಾಡಂದ್ರ ಬಿಡ್ರಿ ಸಾವಕಾರ್ರಿ."

ಬಿಡುವಂತಿರಲಿಲ್ಲ. ಬಿಸಿಲಿಗೆ ನಿಂತೂ ನಿಂತೂ ಗಾಡಿಯ ಲೈಟುಗಳು ಅರಿಶಿನ ಬಳಿದಂತೆ ಹಳದಿಯಾಗಿದ್ದವು. ಆ ದಾರಿಯಲ್ಲಿ ಅಂಥ ಬೆಳಕಿನ ಇನ್ನೊಂದು ಗಾಡಿ ಇರಲಿಲ್ಲ. ಕತ್ತಲಾದ ಮೇಲೆ ಮೋರಖಂಡಿ ತಿರುವಿನಲ್ಲಿ ಅದು ಕಂಡರೆ ಸಾಕು, ಕಟ್ಟೆಯ ಮೇಲೆ ಕೂತವರು 'ಕಾಮಣಿ ಗಾಡಿ ಬಂತು' ಅನ್ನುತ್ತಿದ್ದರು. ಕಾಮಾಲೆ ರೋಗಿಯ ಕಣ್ಣು ನೋಡಿದವರು ಇಟ್ಟ ಹೆಸರು. ಹಾಗೆಂದ ಇಬ್ಬರ ಕಪಾಳಕ್ಕೆ ಪಾಟೀಲ ಬಿಗಿದಿದ್ದ. ಮರುದಿನದಿಂದ ಇಡೀ ಊರೇ ಹಾಗೆ ಕರೆಯಿತು. ಅವನ ಪೌರುಷದ ಫಲ ಯಾವಾಗಲೂ ಇಷ್ಟೇ.

ಹಿಂದಿನ ಸೀಟಿನಿಂದ ಹೆಂಡತಿ ಪಾರ್ವತಿಬಾಯಿ ಮೆಲ್ಲಗೆ ಹೇಳಿದಳು. "ಇದ್ದ ಹಾಂಗ ಇರಲಿ ಬಿಡ್ರಿ. ಇಷ್ಟ ರೊಕ್ಕ ಯಾಕ ಸುರೀತೀರಿ?"

"ಹೆಬ್ಬೆಟ್ಟಿನಾಕಿ. ನಿನಗೇನ ತಿಳೀತದ?"

ಮನೆಗೆ ಬಂದವರೆದುರಿಗೂ ಅವನು ಅವಳನ್ನು ಹಾಗೇ ಕರೆಯುತ್ತಿದ್ದ. ಈಚೆಗೆ ಆ ಮಾತಿನಲ್ಲಿ ಒಂದಿಷ್ಟು ಪ್ರೀತಿಯೂ ಸೇರಿತ್ತು. ಹುಲಸೂರಿನಲ್ಲಿ ಅವಳ ಅಪ್ಪ ಬಿಟ್ಟುಹೋದ ನಾಲ್ಕು ಎಕರೆ ಅವಳ ಹೆಸರಿಗೆ ಬಂದಿತ್ತು. ಯುಗಾದಿ ಮುಗಿದ ಮೇಲೆ ಬಸವಕಲ್ಯಾಣದ ರಿಜಿಸ್ಟ್ರಿ ಕಚೇರಿಯಲ್ಲಿ ಆ ಹೆಬ್ಬೆಟ್ಟು ಒತ್ತಿದರೆ ಹೊಲ ಅವನದು. ಪೈಪ್‌ಲೈನ್ ಹಾಕಿಸುವ ಕಾಗದ ಎಂದು ಅವಳಿಗೆ ಹೇಳಿಟ್ಟಿದ್ದ. ಓದು ಬಾರದ ಹೆಂಡತಿ ಎಂಥ ಅನುಕೂಲ ಎಂಬುದು ಓದಿದ ಗಂಡನಿಗೇ ಗೊತ್ತು.

ಧಾರಣೆ ಕೇಳಿ ತಿರುಗಿಹೋದರೆ ಹೈವೇ ತುಂಬ ಸುದ್ದಿಯಾಗುತ್ತದೆ. ಪಾಟೀಲ ನೋಟು ತೆಗೆದ. ಉತ್ತಮನ ಕೈಗೆ ಕೊಡಲಿಲ್ಲ. ಅವರ ಜಾತಿಯವರ ಕೈಗೆ ಕೊಡುವುದು ಮನೆತನದಲ್ಲೇ ಇರಲಿಲ್ಲ. ಬಾನೆಟ್ಟಿನ ಮೇಲಿಟ್ಟ.

"ನಿನ್ನ ಹೆಂಡತಿ ಹೊತ್ತು ಮುಳುಗಿದ್ರೂ ನಮ್ಮ ಕೊಟ್ಟಿಗಿ ಬಿಡಾಂಗಿಲ್ಲ. ನಿಯತ್ತು ಅಂದ್ರ ಏನಂತ ಆಕಿನ್ನ ನೋಡಿ ಕಲಿ," ಎಂದು ರಸ್ತೆ ದಾಟಿ ಚಹಾಕ್ಕೆ ಹೋದ.

ಹತ್ತು ಪಟ್ಟು ಕೊಡುವ ಗಿರಾಕಿ ಸಿಕ್ಕವನ ಖುಷಿ ಉತ್ತಮನ ಮುಖದಲ್ಲಿರಲಿಲ್ಲ. ನೀರು ಹಾಕಿ ಒರಟು ಮರಳು ಕಾಗದದಿಂದ ಉಜ್ಜಿದ, ನುಣುಪು ಕಾಗದದಿಂದ ಉಜ್ಜಿದ, ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದ. ಲೈಟು ನೀರಿನಂತೆ ತಿಳಿಯಾಯಿತು. ಬಿಸಿಲು ತಡೆಯುವ ಕೊನೆಯ ಲೇಪಕ್ಕೆ ಹೈದರಾಬಾದಿನಿಂದ ತರಿಸಿದ ಡಬ್ಬಿ ಅವನಲ್ಲಿತ್ತು. ಅದನ್ನು ಪಕ್ಕಕ್ಕಿಟ್ಟ. ಬೆಂಚಿನ ಕೆಳಗಿಂದ ಬಾಗಿಲಿಗೆ ಹೊಡೆಯುವ ಅಗ್ಗದ ವಾರ್ನಿಶ್ ತೆಗೆದು ಹಚ್ಚಿದ.

ಪಾರ್ವತಿಬಾಯಿ ನೋಡಿದಳು. ಸೆರಗು ಎಳೆದುಕೊಂಡು ಆಚೆ ಮುಖ ತಿರುಗಿಸಿದಳು.

ಆ ಸಂಜೆ ಪಾಟೀಲ ಕೆಲಸವಿಲ್ಲದೆ ಊರು ಸುತ್ತಿದ. ಬೆಳ್ಳನೆಯ ಬೆಳಕು. ಯಾರ ಗಾಡಿ ಎಂದು ಯಾರಿಗೂ ಗೊತ್ತಾಗಲಿಲ್ಲ; ಕಟ್ಟೆಯ ಜನ ಏಳಲೂ ಇಲ್ಲ. ಅಷ್ಟರಲ್ಲಿ ಧನಶ್ರೀಗೆ ಜ್ವರ ಬಂದು ಕೆಲಸಕ್ಕೆ ಬರುವುದು ನಿಂತಿತು. ಅವಳ ಪಗಾರ ಹಿಡಿದು ಪಾಟೀಲ ಸಮಾಧಾನಪಟ್ಟ.

ಶಿವರಾತ್ರಿಯ ಹೊತ್ತಿಗೆ ಲೈಟು ಮೊದಲಿಗಿಂತ ಕಡು ಹಳದಿ. ಕಟ್ಟೆಯ ಮೇಲೆ ಹಳೆಯ ಹೆಸರು ಮರಳಿ ಬಂತು. ಪಾಟೀಲ ಹುಮನಾಬಾದಿಗೆ ಹೋಗಿ ಶೆಡ್ಡಿಗೆ ಒದ್ದ. ಕಳ್ಳ ಎಂದ, ಇನ್ನೂ ಏನೇನೋ ಎಂದ. ಉತ್ತಮ ಪೂರ್ತಿ ರೊಕ್ಕ ತಂದು ಬಾನೆಟ್ಟಿನ ಮೇಲಿಟ್ಟ. ಹಾಳಾಗಲಿ, ಹುಲಸೂರಿನ ಹೊಲ ಮಾರಿದರೆ ಹೊಸ ಗಾಡಿಯೇ ಬರುತ್ತದೆ ಎಂದುಕೊಂಡ ಪಾಟೀಲ ಮತ್ತೆಲ್ಲೂ ಉಜ್ಜಿಸಲಿಲ್ಲ. ಎಂದಿನಂತೆ ದಿನಾ ಸಂಜೆ ಇಸ್ಪೀಟಿಗೆ ಹೋಗಿ ಕತ್ತಲಾದ ಮೇಲೆ ಬರತೊಡಗಿದ.

ಧನಶ್ರೀಯ ಜ್ವರವೂ ಬಿಟ್ಟಿತ್ತು. "ಎಲ್ಲಿ ಸತ್ತಿದ್ದಿ ಇಷ್ಟ ದಿನ?" ಎಂದು ಪಾರ್ವತಿಬಾಯಿ ಗಂಡನೆದುರು ಅವಳನ್ನು ಗದರಿದಳು. ಪಾಟೀಲನಿಗೆ ಹಿತವೆನಿಸಿತು.

ಯುಗಾದಿ ಮುಗಿಯಿತು. ರಿಜಿಸ್ಟ್ರಿ ಕಚೇರಿಯ ಗುಮಾಸ್ತ ಶಾಯಿಯ ಡಬ್ಬಿ ತೆರೆದು ಮುಂದೆ ತಳ್ಳಿದ. ಪಾಟೀಲ ಹೆಂಡತಿಯ ಮಣಿಕಟ್ಟು ಹಿಡಿದ. ಅವಳು ಬಿಡಿಸಿಕೊಂಡಳು. ಕಾಗದವನ್ನು ತನ್ನ ಕಡೆಗೆಳೆದು, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತ ಓದಿದಳು. ಓದು ನಿಧಾನವಿತ್ತು, ಧ್ವನಿ ಕಚೇರಿಗೆಲ್ಲ ಕೇಳುವಂತಿತ್ತು.

"ಪೈಪಿನ ಕಾಗದ ಅಂದಿದ್ರಿ. ಇದರಾಗ ದಾನಪತ್ರ ಅಂತ ಬರದದಲ್ರಿ. ನಾ ಯಾರಿಗೂ ದಾನ ಕೊಡಾಂಗಿಲ್ಲ."

ಶಾಯಿಯ ಡಬ್ಬಿ ಮುಚ್ಚಿದಳು.

"ನಿನಗ ಯಾರ ಕಲಿಸ್ಯಾರ?" ಅಂದ ಪಾಟೀಲ. ಅವಳು ಆಗಲೇ ಬಾಗಿಲತ್ತ ನಡೆದಿದ್ದಳು. ಸಾಲಿ ಮಾಸ್ತರನ ಮೇಲೆ ಅನುಮಾನಪಟ್ಟ, ಭಾವಮೈದುನನ ಮೇಲೆ ಪಟ್ಟ, ಮಠದ ಅಯ್ಯನವರನ್ನೂ ಬಿಡಲಿಲ್ಲ. ಅಕ್ಷರ ಬಲ್ಲವರೆಂದು ಅವನು ಒಪ್ಪಿದ್ದ ಜನರ ಲೆಕ್ಕ ಅಲ್ಲಿಗೆ ಮುಗಿದುಹೋಯಿತು.

ಮೋರಖಂಡಿ ತಿರುವಿನಲ್ಲಿ ಆ ಎರಡು ಹಳದಿ ಬೆಳಕು ಕಂಡ ಸಂಜೆಗಳಲ್ಲೆಲ್ಲ, ಕೊಟ್ಟಿಗೆಯ ಮೂಲೆಯಲ್ಲಿ ಪಾರ್ವತಿಬಾಯಿ ಸ್ಲೇಟು ಒರೆಸಿ ಹೇಳುತ್ತಿದ್ದ ಮಾತು ಒಂದೇ: "ಧನಶ್ರೀ ಟೀಚರ್, ಏಳ್ರಿ, ಕಸಬರಿಗಿ ಹಿಡೀರಿ. ಅವರು ಬರಾಕತ್ತಾರ."