ಎಡಗಡೆ ಬಾಗಿಲಿನ ರಬ್ಬರು

ಕಾರಿನ ಮುಂದಿನ ಎಡಬಾಗಿಲಿನ ಅಂಚಿನ ಸುತ್ತ ಇದ್ದ ರಬ್ಬರನ್ನು ಮೇಸ್ತ್ರಿ ಮೇಲಿನ ಮೂಲೆಯಿಂದ ಬಿಡಿಸತೊಡಗಿದ. ಅವಸರ ಮಾಡಿದರೆ ಹರಿಯುತ್ತದೆ. ಈ ಹಳೆಯ ಕಾರಿಗೆ ಹೊಸ ರಬ್ಬರು ಈಗ ಎಲ್ಲೂ ಸಿಗುವುದಿಲ್ಲ. ಸಂದಿನಲ್ಲಿ ಕಲ್ಲಾಗಿದ್ದ ಗೋಂದನ್ನು ಬಿದಿರು ಕಡ್ಡಿಯಿಂದ ಕೆರೆಯುತ್ತ, ಗೇಣು ಗೇಣಾಗಿ ಎಳೆದ.

“ಅದು ವಯಸ್ಸಾಗಿ ಹೀಗಾಗಿದ್ದಲ್ಲ ಮೇಸ್ತ್ರಿ,” ಎಂದರು ಕಾರಿನ ಯಜಮಾನರು. ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಊರಿನವರ ತಪ್ಪನ್ನೂ ಗಜಕಡ್ಡಿ ಹಿಡಿದೇ ಅಳೆಯುವವರು. “ನೀನು ಹಾಕಿ ಹನ್ನೊಂದು ವರ್ಷ ಆಯ್ತು. ನಿನ್ನ ಕೈಗೆಲಸದಲ್ಲಿ ಕೊಂಕು ಹುಡುಕೋ ಹಾಗಿಲ್ಲ. ಬಡಿದು ಬಡಿದು ಇದನ್ನ ಸಾಯಿಸಿದವರು ಬೇರೆ ಇದಾರೆ. ಈಗ ಮಳೆ ಬಂದ್ರೆ ಸೀಟೆಲ್ಲ ನೀರು.”

ಆ ಬೇರೆಯವರು, ಎಂದರೆ ಅವರ ಹೆಂಡತಿ, ಹಿಂದಿನ ಸೀಟಿನಲ್ಲಿ ಬಾಗಿಲು ತೆರೆದು ಕಾಲು ಹೊರಗಿಟ್ಟುಕೊಂಡು ಕನ್ನಡಕ ಒರೆಸುತ್ತಿದ್ದರು.

“ನೀವು ಮುಂದೆ ಕೂರಲ್ವೇನಮ್ಮಾ?” ಎಂದು ಮೇಸ್ತ್ರಿ ಕೇಳಿದ.

“ಆ ಬಾಗಿಲನ್ನ ನಾನು ಮುಟ್ಟಲ್ಲಪ್ಪ. ಮೆಲ್ಲಗೆ ಹಾಕಿದ್ರೆ ಅದು ಕಚ್ಚಲ್ಲ, ಜೋರಾಗಿ ಹಾಕಿದ್ರೆ ಇವರು ಬಿಡಲ್ಲ. ಎರಡು ವರ್ಷ ಇಬ್ಬರ ಕೈಲೂ ಅನ್ನಿಸ್ಕೊಂಡೆ, ಆಮೇಲೆ ಹಿಂದಕ್ಕೆ ಬಂದ್ಬಿಟ್ಟೆ. ಇಲ್ಲಿ ಆರಾಮ. ಟ್ಯಾಕ್ಸೀಲಿ ಹೋದ ಹಾಗಿರುತ್ತೆ. ಡ್ರೈವರ್ ಸ್ವಲ್ಪ ಬಾಯಿಬಡುಕ, ಅಷ್ಟೆ.”

“ಒಂದು ಬಾಗಿಲು ಹಾಕೋಕೆ ಬರಲ್ಲ, ಮಾತಿಗೇನೂ ಕಮ್ಮಿಯಿಲ್ಲ,” ಎಂದು ಯಜಮಾನರು ಪೇಪರು ಬಿಡಿಸಿದರು.

ಮೇಸ್ತ್ರಿ ರಬ್ಬರನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಮುಳುಗಿಸಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಮಡಿಕೆ ಮಡಿಕೆಯನ್ನೂ ತಿಕ್ಕಿದ. ಪೆಟ್ರೋಲಿನಲ್ಲಿ ಒರೆಸಿದರೆ ಬೇಗ ಹೊಳಪು ಬರುತ್ತದೆ, ಆರು ತಿಂಗಳಿಗೆ ಬಿರುಕೂ ಬಿಡುತ್ತದೆ. ಅವನ ಶೆಡ್ಡಿನಲ್ಲಿ ಆ ಆಟ ನಡೆಯುತ್ತಿರಲಿಲ್ಲ. ಬಟ್ಟೆಯಲ್ಲಿ ಒತ್ತಿ, ನೆರಳಿನಲ್ಲಿ ಆರಿಸಿ, ಗ್ಲಿಸರಿನ್ ಸವರುತ್ತ ಹೋದವನ ಬೆರಳು ಅಂಚಿನ ಮೇಲೆ ನಿಂತಿತು. ಈ ಕಾರಿನಲ್ಲಿ ರಬ್ಬರಿನ ತೆಳುವಾದ ತುಟಿ ಹೊರಗೆ ಮುಖ ಮಾಡಿರಬೇಕು. ಇದರ ತುಟಿ ಒಳಕ್ಕೆ ಮಡಿಚಿ ಕೂತಿದ್ದ ಗೆರೆ ಉದ್ದಕ್ಕೂ ಕಾಣುತ್ತಿತ್ತು. ಹಾಗೆ ಹಾಕುವುದು ವ್ಯಾನಿಗೆ. ಹನ್ನೊಂದು ವರ್ಷದ ಹಿಂದೆ ಒಂದು ತಿಂಗಳು ಪೂರ್ತಿ ಅವನು ವ್ಯಾನುಗಳಿಗೇ ರಬ್ಬರು ಹಾಕಿದ್ದ, ಸಾಲಾಗಿ ಒಂಬತ್ತು. ಅವುಗಳ ಹಿಂದೆಯೇ ಬಂದ ಈ ಕಾರಿಗೂ ಕೈ ತನ್ನ ಪಾಡಿಗೆ ತಾನು ಅದೇ ಕೆಲಸ ಮಾಡಿ ಮುಗಿಸಿತ್ತು. ತುಟಿ ಮಡಿಚಿ ಅಡ್ಡ ಕೂತಿರುವಾಗ, ಬಡಿಯದೆ ಈ ಬಾಗಿಲು ಕಚ್ಚುವ ಹಾಗೆಯೇ ಇರಲಿಲ್ಲ.

ಮೇಸ್ತ್ರಿ ತಲೆ ಎತ್ತಿದ. ಯಜಮಾನರು ಪೇಪರಿನಲ್ಲಿ ಮುಳುಗಿದ್ದರು. ತಿರುಗಿಸಿ ಹಾಕಿದರೆ ಮುಗಿಯಿತು, ಪಿಟ್ಟೆನ್ನುವವರಿಲ್ಲ. ಅವನಿಗೆ ಇದ್ದದ್ದೂ ಒಂದೇ ಹೆಸರು: ಅವನು ಕೈಯಿಟ್ಟ ಬಾಗಿಲಿನ ಮೇಲೆ ಯಾರೂ ದೂರು ತಂದಿಲ್ಲ. ಅವನು ತಿರುಗಿಸಿಯೇ ಹಾಕಿದ. ಹೆಬ್ಬೆರಳಿನಿಂದ ಒತ್ತುತ್ತ, ಒಂದು ಸುತ್ತು ಬಂದು ಕೊನೆಯ ಮೂಲೆ ಕೂರಿಸಿದ.

ಯಜಮಾನರು ಎದ್ದು ಬಂದು ಎರಡು ಬೆರಳಿನಿಂದ ಬಾಗಿಲು ತಳ್ಳಿದರು. ಟಪ್ಪೆಂದು ಕಚ್ಚಿಕೊಂಡಿತು.

“ನೋಡಿದ್ಯೇನೇ? ಎರಡು ಬೆರಳು! ಬಾಗಿಲು ಹಾಕೋದು ಅಂದ್ರೆ ಹೀಗೆ. ಇಷ್ಟು ವರ್ಷ ನಾನು ಹೇಳಿದ್ದೂ ಇದನ್ನೇ.”

“ಹೂಂ,” ಎಂದರು ಆಕೆ. ಅದರಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಹೇಳಿ ಹೇಳಿ ಸವೆದುಹೋದ ಹೂಂ ಅದು.

ಮೇಸ್ತ್ರಿ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಇನ್ನೊಮ್ಮೆ ಒರೆಸಿದ.

“ಯಜಮಾನ್ರೇ, ತಪ್ಪು ನಂದು. ಅವತ್ತು ನಾನು ರಬ್ಬರ್ ಉಲ್ಟಾ ಹಾಕಿಬಿಟ್ಟಿದ್ದೆ. ಇವತ್ತು ಕಣ್ಣಿಗೆ ಬಿತ್ತು. ಯಾರು ಹಾಕಿದ್ರೂ ಆ ಬಾಗಿಲನ್ನ ಬಡೀಲೇಬೇಕಿತ್ತು. ಅಮ್ಮನ ಕೈಯದು ಏನೂ ಇಲ್ಲ.”

ಯಜಮಾನರು ರಬ್ಬರನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು. ಆಮೇಲೆ ನಕ್ಕು ಅವನ ಬೆನ್ನು ತಟ್ಟಿದರು.

“ಅಯ್ಯೋ ಬಿಡಯ್ಯ! ಕೆಲಸ ಅಂದ್ಮೇಲೆ ಒಂದು ಹೆಚ್ಚು, ಒಂದು ಕಮ್ಮಿ ಆಗುತ್ತೆ. ಇದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ.”

ಇಷ್ಟು ಸಲೀಸಾಗಿ ಮುಗಿಯುತ್ತದೆಂದು ಮೇಸ್ತ್ರಿ ಎಣಿಸಿರಲಿಲ್ಲ. ಅವನ ಕಣ್ಣು ತಾನಾಗಿ ಹಿಂದಿನ ಸೀಟಿನ ಕಡೆ ಹೋಯಿತು. ಆಕೆ ಕನ್ನಡಕ ಏರಿಸಿಕೊಂಡು, ಮೇಸ್ತ್ರಿಯ ಬೆನ್ನ ಮೇಲಿದ್ದ ಗಂಡನ ಕೈಯನ್ನೇ ನೋಡುತ್ತಿದ್ದರು.

ಯಜಮಾನರು ಮುಂದಿನ ಬಾಗಿಲನ್ನು ತಾವೇ ತೆಗೆದು ಹಿಡಿದರು. “ಬಾರೇ, ಮುಂದೆ ಕೂತ್ಕೋ. ಈಗೇನು ತೊಂದ್ರೆ ಇಲ್ವಲ್ಲ.”

ಆಕೆ ಹೊರಗಿದ್ದ ಕಾಲುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡರು. ಬ್ಯಾಗನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. ಆಮೇಲೆ ಹಿಂದಿನ ಬಾಗಿಲನ್ನು ಕೈ ಹೋಗುವಷ್ಟು ದೂರ ಹೊರಕ್ಕೆ ತಳ್ಳಿ, ಧಡಾರೆಂದು ಎಳೆದುಕೊಂಡರು. ಗೋಡೆಗೆ ನೇತುಹಾಕಿದ್ದ ಸ್ಪಾನರುಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು.

ಆ ಬಾಗಿಲಿನ ರಬ್ಬರು ಸರಿಯಾಗಿಯೇ ಇತ್ತು.