ರಿಮೋಟು ಚಿಕ್ಕಪ್ಪನ ಪಾಲಿಗೆ

ಪಾಲಾದ ಮನೆಯ ನಡುಬಾಗಿಲು ಮುಚ್ಚಲು ಕಟ್ಟುತ್ತಿದ್ದ ಇಟ್ಟಿಗೆ ಸೊಂಟದೆತ್ತರ ಬಂದಾಗ ಅನುಷಾ ಪೆನ್‌ಡ್ರೈವ್ ಹಿಡಿದು ಓಡಿಬಂದಳು. "ಪಾಲಯ್ಯಣ್ಣ, ಸ್ವಲ್ಪ ತಡ್ಕಳಣ್ಣ. ಎರಡು ಗಂಟೆ ಸಿನಿಮಾ ಐತೆ."

"ನಿಮ್ಮಪ್ಪ, ನಿಮ್ಮ ಚಿಕ್ಕಪ್ಪ ಇಬ್ರೂ ಸೇರಿ ಕರ್ಸಿದಾರೆ ಕಣವ್ವ. ಇಬ್ರೂ ನಿಲ್ಸು ಅಂದ್ರೆ ನಿಲ್ಲಿಸ್ತೀನಿ," ಎಂದು ಮೇಸ್ತ್ರಿ ಪಾಲಯ್ಯ ಇನ್ನೊಂದು ಇಟ್ಟಿಗೆ ಇಟ್ಟ.

ಬಿತ್ತನೆಯ ಕಡಲೆಕಾಯಿ ಸುಲಿಯುತ್ತಿದ್ದ ಹೇಮಾವತಿ ಗಂಡನ ಮುಖ ನೋಡಿದಳು. ಗಂಡ ಮೂರ್ತಪ್ಪ ಫ್ಯಾನ್ ನೋಡಿದ. ಬಾಗಿಲಾಚೆ ಮೈದುನ ನಿರಂಜನ ತನ್ನ ಫ್ಯಾನ್ ನೋಡಿದ. ಮೊದಲು ಬಾಯಿಬಿಟ್ಟವನು ಸೋತ ಹಾಗೆ. ಯಾರಾದರೊಬ್ಬರು ಬೇಡ ಅಂದಾರು ಎಂದು ಹೇಮಾವತಿ ಬೆಳಗಿನಿಂದ ಕಾಯುತ್ತಿದ್ದಳು. ಆ ಬಾಗಿಲಿನಿಂದಲೇ ಅಲ್ಲವೇ ಅವಳು ಈ ಮೈದುನನನ್ನು ಹದಿನೆಂಟು ವರ್ಷ ಊಟಕ್ಕೆ ಕೂಗಿದ್ದು.

ಹೋದ ತಿಂಗಳು ಮನೆ ಪಾಲಾಗುವಾಗ ಧರ್ಮಪುರದಿಂದ ಬಂದಿದ್ದ ಹಿರಿಯರು ಮುದ್ದಪ್ಪನವರು ಟಿವಿ ಅಣ್ಣನಿಗೆ, ಅಲಮಾರು ತಮ್ಮನಿಗೆ ಎಂದರು. "ಅಲಮಾರು ಒಳಗಿರೋದು ಸಮೇತ," ಎಂದೂ ಸೇರಿಸಿದರು. ರಿಮೋಟು ಅಲಮಾರಿನೊಳಗಿತ್ತು. ಟಿವಿಯ ಗುಂಡಿಗಳು ಕೆಟ್ಟು ವರ್ಷವಾಗಿತ್ತು. ತನ್ನ ಟಿವಿಗೆ ಇನ್ನೊಂದು ರಿಮೋಟು ಕೊಳ್ಳುವುದು ಮೂರ್ತಪ್ಪನಿಗೆ ಅವಮಾನ. ಪಾಲಿಗೆ ಬಂದದ್ದನ್ನು ದಾಟಿಸುವುದು ನಿರಂಜನನಿಗೆ ಅವಮಾನ. ಅಲ್ಲಿಂದೀಚೆಗೆ ದಿನಾ ಸಂಜೆ ಏಳಕ್ಕೆ ತಮ್ಮ ತನ್ನ ಪಡಸಾಲೆಯಲ್ಲಿ ಕುಳಿತು ನಡುಬಾಗಿಲಿನಿಂದ ರಿಮೋಟು ಒತ್ತುತ್ತಿದ್ದ, ಅಣ್ಣ ತನ್ನ ಪಡಸಾಲೆಯಲ್ಲಿ ವಾರ್ತೆ ನೋಡುತ್ತಿದ್ದ. ಮಾತು ಮಾತ್ರ ಇರಲಿಲ್ಲ.

"ಚಿಕ್ಕಪ್ಪ, ಹಾಕು," ಎಂದಳು ಅನುಷಾ, ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿ. ಹಿರಿಯೂರಿನ ಕಾಲೇಜಿನಲ್ಲಿ ಮೇಡಂ ಕೊಟ್ಟ ಸಿನಿಮಾ. ಎಲ್ಲಿಯದೋ ದೇಶದ ಅಂತರ್ಯುದ್ಧದಲ್ಲಿ ಸಿಕ್ಕಿಬಿದ್ದ ಒಂದು ಕುಟುಂಬ: ಒಬ್ಬ ತಾಯಿ, ಎರಡು ಸೈನ್ಯಕ್ಕೆ ಸೇರಿದ ಇಬ್ಬರು ಗಂಡುಮಕ್ಕಳು, ಒಂದು ಮೇಕೆ. ಅದರ ವಿಶ್ಲೇಷಣೆಯನ್ನು ನಾಳೆ ಬರೆದುಕೊಡದಿದ್ದರೆ ಹತ್ತು ಅಂಕ ಹೋದಂತೆ. ಯುದ್ಧ ಹೇಗೆ ಶುರುವಾಯಿತು ಎಂಬುದೇ ಮೊದಲ ಪ್ರಶ್ನೆ.

"ಚಿಕ್ಕೋನು ಮೊದ್ಲು ಗುಂಡು ಹಾರ್ಸಿದ, ಬರ್ಕೋ," ಎಂದ ಮೂರ್ತಪ್ಪ.

"ಅನುಷಾ, ನಿಮ್ಮಪ್ಪಂಗೆ ಕಣ್ಣು ಕಾಣಲ್ವೇನು ಕೇಳು. ದೊಡ್ಡೋನು ಮೊದ್ಲು ಬೇಲಿ ಹಾಕಿದ. ಹಿಂದಕ್ಕೆ ಹಾಕ್ತೀನಿ, ನೋಡ್ಲಿ," ಎಂದ ನಿರಂಜನ.

ಸಿನಿಮಾ ಹಿಂದಕ್ಕೆ ಓಡಿತು. ಸತ್ತವರು ಎದ್ದರು, ಸುಟ್ಟ ಮನೆ ಸರಿಹೋಯಿತು, ಬೇಲಿ ಕಿತ್ತುಬಂತು. ಗೋಡೆ ಮಾತ್ರ ಮುಂದಕ್ಕೇ ಹೋಗುತ್ತಿತ್ತು. ಇಟ್ಟಿಗೆ ಎದೆಗೆ ಬಂದಾಗ ನಿರಂಜನ ಎದ್ದು ನಿಂತ. ಕತ್ತಿಗೆ ಬಂದಾಗ ಸ್ಟೂಲು ತಂದುಕೊಂಡ. ಮೂರ್ತಪ್ಪ ಬೇಲಿಗೂ ಮುಂಚಿನದನ್ನು ತೋರಿಸು ಎಂದ, ಮತ್ತೆ ಹಿಂದಕ್ಕೆ. ಅಷ್ಟು ಹಿಂದೆ ಸಿನಿಮಾದ ಅಣ್ಣತಮ್ಮ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ನಿರಂಜನ ಮುಂದಕ್ಕೆ ಹಾಕಿದ.

"ಏನಂತ ಬರೀಲಮ್ಮ?" ಅನುಷಾ ಅಳುಮುಖ ಮಾಡಿದಳು.

ಹೇಮಾವತಿ ಮಗಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. "ಆ ತಾಯಿ ಶುರುವಿಂದ ಏನೂ ತಿಂದಿಲ್ಲ ಕಣೇ. ಎಲ್ರಿಗೂ ಬಡಿಸಿದ್ಲು, ಮೇಕೆಗೂ ಹಾಕಿದ್ಲು. ಅದನ್ನ ಬರ್ಕೋ."

ಕೊನೆಯ ಹೊತ್ತಿಗೆ ಬಾಗಿಲಿನ ತಲೆಯ ಹತ್ತಿರ ಒಂದೇ ಒಂದು ಇಟ್ಟಿಗೆಯಷ್ಟು ಸಂದು ಉಳಿದಿತ್ತು. ಅದರಲ್ಲಿ ನಿರಂಜನನ ಒಂದು ಕಣ್ಣು, ಅದರ ಪಕ್ಕಕ್ಕೆ ರಿಮೋಟಿನ ಮೂತಿ. ಟಿವಿಯಲ್ಲಿ ತಾಯಿ ಮೇಕೆ ಹಿಡಿದು ಸೇತುವೆಯ ನಡುವೆ ಬಂದಿದ್ದಳು. ಈ ತುದಿಗೆ ದೊಡ್ಡ ಮಗನ ಬಂದೂಕು, ಆ ತುದಿಗೆ ಚಿಕ್ಕ ಮಗನದು.

"ಚಿಕ್ಕಪ್ಪ, ಒಂದು ನಿಮಿಷ ನಿಲ್ಸು, ಬರ್ಕಂತೀನಿ."

ಚಿತ್ರ ನಿಂತಿತು. ಸೇತುವೆಯ ಮೇಲೆ ತಾಯಿ ಎತ್ತಿದ ಒಂದು ಹೆಜ್ಜೆ ಹಾಗೇ ಉಳಿಯಿತು. ಪಾಲಯ್ಯ ಕೊನೆಯ ಇಟ್ಟಿಗೆಗೆ ಸಿಮೆಂಟು ಬಳಿಯಲು ಕರಣೆ ಎತ್ತಿದವನು ಟಿವಿಯ ಕಡೆ ತಿರುಗಿದ.

"ಇದನ್ನ ಇಟ್ರೆ ಸಿನಿಮಾ ಇಲ್ಲಿಗೇ ನಿಲ್ತೈತೆ. ಇಡ್ಲಾ?"

ಹೇಮಾವತಿಯ ಕೈಯಲ್ಲಿ ಕಡಲೆಕಾಯಿ ಹಾಗೇ ಉಳಿಯಿತು.

"ಅವನ್ನ ಕೇಳು," ಎಂದ ಮೂರ್ತಪ್ಪ.

ಸಂದಿನಲ್ಲಿ ಕಣ್ಣು ಎರಡು ಸಲ ಮಿಟುಕಿತು. "ಅಣ್ಣನ್ನ ಕೇಳು."

ತಿಂಗಳಾದ ಮೇಲೆ ಆ ಬಾಯಿಂದ ಬಂದ ಮೊದಲ 'ಅಣ್ಣ'. ಮೂರ್ತಪ್ಪ ಮತ್ತೆ ಫ್ಯಾನ್ ನೋಡಿದ. ಆದರೆ ಈ ಸಲ ಅದು ಅವನಿಗೆ ಕಾಣಿಸುತ್ತಿದ್ದ ಹಾಗಿರಲಿಲ್ಲ. ಯಾರೂ ಇಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಬಾಂಡ್ಲಿಯಲ್ಲಿ ಸಿಮೆಂಟು ಬಿಗಿಯತೊಡಗಿತ್ತು.

ಪಾಲಯ್ಯ ಸ್ವಲ್ಪ ಹೊತ್ತು ಕಾದ. ಆಮೇಲೆ ಇಟ್ಟಿಗೆಯನ್ನು ನೆಲಕ್ಕೆ ಹಾಕಿ, ಅದರ ಮೇಲೆ ಟಿವಿಯ ಕಡೆ ಮುಖ ಮಾಡಿ ಕುಳಿತ.

"ಮುಂದಕ್ಕೆ ಹಾಕ್ರಿ ನಿರಂಜನಪ್ಪ. ಪಾಪ, ಆಯಮ್ಮ ಒಂದು ಕಾಲಲ್ಲಿ ಎಷ್ಟೊತ್ತು ಅಂತ ನಿಂತಿರ್ತಾಳೆ."