ಅಣ್ಣನ ಗಂಟಲು

ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಸಾಲು ಹಾಡಿ ಮುಗಿಸಿದ ತಮ್ಮನು ಹೆಡ್‌ಫೋನ್ ತೆಗೆಯುವಷ್ಟರಲ್ಲಿ ಹೊರಗೆ ಅಮ್ಮ ಬಿಕ್ಕತೊಡಗಿದ್ದಳು. ತೀರಿಕೊಂಡ ಅಣ್ಣ ರಾಕ್ ಗಾಯಕ. ಅವನ ಕೊನೆಯ ಆಲ್ಬಮ್ಮಿಗೆ ಒಂದೇ ಒಂದು ಸಾಲು ಕಮ್ಮಿ ಬಿದ್ದಿತ್ತು. ಅದನ್ನು ತುಂಬಿಕೊಟ್ಟು, ನಾಳೆಯಿಂದ ತನ್ನ ಹಾಡು ತಾನು ಹಾಡಿಕೊಳ್ಳುತ್ತೇನೆಂದು ತಮ್ಮ ಬಂದಿದ್ದ.

“ಸಾಲಿಗೆ ಮುಂಚೆ ಎಳೆಯೋ ಉಸಿರೂ ಅವನದೇ ಕಣಯ್ಯಾ!” ರೆಕಾರ್ಡಿಂಗ್ ಎಂಜಿನಿಯರ್ ಸ್ಪೀಕರಿನಲ್ಲಿ ಹಿಗ್ಗಿದ. “ಇನ್ನೂ ಮೂರು ಆಲ್ಬಮ್ ಮಾಡೋಣ. ಬದುಕಿದ್ದಾಗ ಒಂದು ದಿನ ಹೊತ್ತಿಗೆ ಸರಿಯಾಗಿ ಬಂದವನಲ್ಲ ನಿಮ್ಮಣ್ಣ. ಈಗ ನೋಡು, ಎಷ್ಟು ಶಿಸ್ತು!”

“ನನ್ನ ಗಂಟಲೇ ಬೇರೆ ಸಾರ್. ಅಮ್ಮಾ, ನೀನಾದ್ರೂ ಹೇಳು, ಇದು ನಾನು ಅಂತ.”

ಅಮ್ಮ ಕಣ್ಣೊರೆಸಿಕೊಂಡು ಎಂಜಿನಿಯರನ ಮೈಕಿಗೆ ಬಾಗಿದಳು. “ಇನ್ನೊಂದ್ಸಲ ಹಾಡು, ದೊಡ್ಡೋನೇ,” ಎಂದಳು.